ಹನಿ ಹನಿ ಸೇರಿ ಹಲಗೆ ಹಾಳು: ಮಾರ್ಜಕದಿಂದ ಮರದ ಕಪಾಟನ್ನು ಕಾಪಾಡುವ ಬಗೆ

ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವೆಲ್ಲ ಉಳಿತಾಯದ ಪಾಠವಾಗಿಯೇ ಕೇಳಿ ಬೆಳೆದಿದ್ದೇವೆ. ಅದೇ ಗಾದೆ ನಷ್ಟಕ್ಕೂ ಅನ್ವಯಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ, ವಾಷಿಂಗ್ ಮೆಷಿನ್ನಿನ ಮೇಲಿರುವ ಮರದ ಹಲಗೆಯನ್ನು ಒಮ್ಮೆ ಪರೀಕ್ಷಿಸಿದರೆ ಸಾಕು. ದ್ರವ ಮಾರ್ಜಕದ ಡಬ್ಬಿಯನ್ನು ಎತ್ತಿದಾಗ ಅದರಡಿ ಬಳೆಯಾಕಾರದ ಕಲೆ ಕಾಣುತ್ತದೆ. ಬೆರಳಿಟ್ಟರೆ ಅಂಟುತ್ತದೆ. ಹಲಗೆಯ ಮುಂಚಾಚಿನ ಬಳಿ ಹೊಳಪು ಮಾಸಿರುತ್ತದೆ, ಅಂಚಿನ ಪಟ್ಟಿ ಅಲ್ಲಲ್ಲಿ ಬಾಯಿ ಬಿಟ್ಟಿರುತ್ತದೆ. ಮನೆಗೆ ಮರಗೆಲಸ ಮಾಡಿಸಿ ಎರಡು ಮೂರು ವರ್ಷಗಳಷ್ಟೇ ಆಗಿದ್ದರೂ ಈ ಒಂದು ಹಲಗೆ ಮಾತ್ರ ಮುದಿಯಾದಂತೆ ತೋರುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಮ್ಮೆ ಬಟ್ಟೆ ಹಾಕುವಾಗ 5 ಹನಿ ಚೆಲ್ಲುತ್ತದೆ, ವಾರಕ್ಕೆ 4 ಬಾರಿ ಯಂತ್ರ ಓಡುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹನಿಗಳಾದವು. 20 ಹನಿಗೆ ಸುಮಾರು 1 ಮಿಲಿಲೀಟರಿನಂತೆ ಎಣಿಸಿದರೆ 50 ಮಿಲಿಲೀಟರಿನಷ್ಟು ಮಾರ್ಜಕ ಒಂದೇ ಜಾಗದಲ್ಲಿ ಇಂಗಿದಂತಾಯಿತು. ಅದನ್ನು ಒಂದೇ ಸಲ ಸುರಿದಿದ್ದರೆ ಯಾರಾದರೂ ತಕ್ಷಣ ಒರೆಸುತ್ತಿದ್ದರು. ಹನಿಯಾಗಿ ಬಿದ್ದದ್ದರಿಂದಲೇ ಅದು ಗಮನಕ್ಕೆ ಬರಲಿಲ್ಲ.

ಹೊಳಪಿನ ಪಾಲಿಶ್ ಇನ್ನೊಂದು ಸಲ ಹಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಬೇರೆ. ಹಲಗೆ ಕೆಡುವುದು ಕಣ್ಣಿಗೆ ಕಾಣುವ ಮೇಲ್ಮೈಯಿಂದಲ್ಲ. ಅಂಚು, ಕೆಳಮೈ ಮತ್ತು ಸ್ಕ್ರೂ ತೂತುಗಳಿಂದ. ಆದ್ದರಿಂದ ರಕ್ಷಣೆಯೂ ಅಲ್ಲಿಂದಲೇ ಆರಂಭವಾಗಬೇಕು.

ಹಿತ್ತಿಲಿನಿಂದ ಯುಟಿಲಿಟಿಗೆ

ನಮ್ಮ ಹಳೆಯ ಮನೆಗಳಲ್ಲಿ ಮರಕ್ಕೂ ಸಾಬೂನಿಗೂ ಅಷ್ಟಾಗಿ ನಂಟಿರಲಿಲ್ಲ. ಒಗೆಯುವ ಕಲ್ಲು ಹಿತ್ತಿಲಿನಲ್ಲಿ, ಬಾವಿಯ ಪಕ್ಕದಲ್ಲಿ ಇರುತ್ತಿತ್ತು. ಅಂಟುವಾಳ, ಸೀಗೆ, ಬೂದಿನೀರು, ಚೌಳು ಮಣ್ಣು ಇವೆಲ್ಲ ಕಲ್ಲಿನ ಮೇಲೆ ಬಳಕೆಯಾಗಿ, ನೀರಿನೊಡನೆ ತೆಂಗಿನ ಬುಡಕ್ಕೋ ಬಾಳೆಯ ಪಾತಿಗೋ ಹರಿದು ಹೋಗುತ್ತಿದ್ದವು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. 1959ರಲ್ಲಿ ಸರ್ಫ್ ಭಾರತದ ಮಾರುಕಟ್ಟೆಗೆ ಬಂದಿತು. 1969ರಲ್ಲಿ ನಿರ್ಮಾ ಆರಂಭವಾಗಿ, ಮುಂದೆ ಒಗೆಯುವ ಪುಡಿಯನ್ನು ಸಾಮಾನ್ಯರ ಮನೆಗೂ ತಲುಪಿಸಿತು. ಆಗಲೂ ಪುಡಿಯ ಡಬ್ಬಿ ಇರುತ್ತಿದ್ದುದು ಬಚ್ಚಲುಮನೆಯ ಗೂಡಿನಲ್ಲಿ ಅಥವಾ ಗೋಡೆಯಲ್ಲಿ ಹುದುಗಿಸಿದ ಕಡಪ ಕಲ್ಲಿನ ಮೇಲೆ. ಅಲ್ಲಿ ಚೆಲ್ಲಿದರೆ ಒಂದು ಚೊಂಬು ನೀರು ಸುರಿದರೆ ಮುಗಿಯಿತು.

ಅಪಾರ್ಟ್‌ಮೆಂಟುಗಳು ಬಂದ ಮೇಲೆ ಚಿತ್ರ ಬದಲಾಯಿತು. ಅಡುಗೆಮನೆಗೆ ಅಂಟಿಕೊಂಡ ಕಿರಿದಾದ ಯುಟಿಲಿಟಿಯೇ ಹಿತ್ತಿಲಾಯಿತು. ವಾಷಿಂಗ್ ಮೆಷಿನ್, ಪಾತ್ರೆ ತೊಳೆಯುವ ಸಿಂಕ್, ಪೊರಕೆ, ಬಕೆಟ್ ಎಲ್ಲವೂ ಅಲ್ಲಿಯೇ. ಜಾಗದ ಅಭಾವದಿಂದ ಯಂತ್ರದ ಮೇಲಿನ ಗೋಡೆಗೆ ಹಲಗೆ ಹೊಡೆಸುವುದು ಅನಿವಾರ್ಯವಾಯಿತು. ಅಡುಗೆಮನೆಯ ಮರಗೆಲಸ ಮಾಡಿ ಉಳಿದ ತುಂಡುಗಳೇ ಅನೇಕ ಮನೆಗಳಲ್ಲಿ ಈ ಹಲಗೆಗಳಾಗುತ್ತವೆ. ಮನೆಯಲ್ಲೇ ಅತಿ ಹೆಚ್ಚು ತೇವವಿರುವ ಜಾಗಕ್ಕೆ ಎಲ್ಲಕ್ಕಿಂತ ಕಡಿಮೆ ಆರೈಕೆಯ ಹಲಗೆ ಬರುವುದು ಹೀಗೆ.

ಬರಿಯ ನೀರಿಗಿಂತ ಸಾಬೂನಿನ ನೀರು ಏಕೆ ಅಪಾಯಕಾರಿ?

ಪಾಲಿಶ್ ಮಾಡಿದ ಮರದ ಮೇಲೆ ಬಿದ್ದ ನೀರಿನ ಹನಿ ಮಣಿಯಂತೆ ಗುಂಡಗೆ ನಿಲ್ಲುತ್ತದೆ. ನೀರಿನ ಮೇಲ್ಮೈ ಎಳೆತ ಅಧಿಕವಾಗಿರುವುದೇ ಇದಕ್ಕೆ ಕಾರಣ. ಕೋಣೆಯ ಉಷ್ಣತೆಯಲ್ಲಿ ಶುದ್ಧ ನೀರಿಗೆ ಇದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಮಾರ್ಜಕ ಸೇರಿದೊಡನೆ ಈ ಎಳೆತ ಅರ್ಧಕ್ಕೂ ಕಡಿಮೆಯಾಗಿ, 30ರ ಆಸುಪಾಸಿಗೆ ಇಳಿಯುತ್ತದೆ. ಹನಿ ಹರಡಿಕೊಳ್ಳುತ್ತದೆ, ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಗೂ ನುಸುಳುತ್ತದೆ. ಬಟ್ಟೆಯ ನೂಲಿನೊಳಗೆ ನೀರನ್ನು ನುಗ್ಗಿಸಿ ಕೊಳೆ ತೆಗೆಯುವ ಗುಣವೇ ಹಲಗೆಯ ಮೇಲೆ ಶಾಪವಾಗುತ್ತದೆ. ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸೇ ಮರದಲ್ಲಿಯೂ ಇದೆ. ಮಾರ್ಜಕಕ್ಕೆ ಎರಡರ ನಡುವೆ ಭೇದವಿಲ್ಲ.

ಎರಡನೆಯ ಕಾರಣ ಕ್ಷಾರ. ಒಗೆಯುವ ಪುಡಿಗಳಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಮುಖ್ಯ ಘಟಕ. ಪುಡಿಯನ್ನು ನೀರಿನಲ್ಲಿ ಕದಡಿದಾಗ ಅದರ ಪಿಎಚ್ ಸಾಮಾನ್ಯವಾಗಿ 10ರಿಂದ 11ರಷ್ಟಿರುತ್ತದೆ. ಶುದ್ಧ ನೀರಿನದು 7. ಪಿಎಚ್ ಮಾಪನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು ವ್ಯತ್ಯಾಸವೆಂಬುದನ್ನು ಇಲ್ಲಿ ನೆನಪಿಡಬೇಕು. ದ್ರವ ಮಾರ್ಜಕಗಳು ಸಾಮಾನ್ಯವಾಗಿ ಇದಕ್ಕಿಂತ ಸೌಮ್ಯ. ಆದರೆ ಅವು ದಟ್ಟವಾಗಿರುವುದರಿಂದ ಒಣಗಿದ ಮೇಲೂ ಅಂಟಾಗಿ ಉಳಿದು, ದೂಳನ್ನೂ ಗಾಳಿಯ ತೇವವನ್ನೂ ಹಿಡಿದಿಡುತ್ತವೆ. ಕ್ಷಾರವು ಮರದ ಲಿಗ್ನಿನ್ ಮತ್ತು ಟ್ಯಾನಿನ್‌ಗಳೊಡನೆ ವರ್ತಿಸಿ ಬಣ್ಣವನ್ನು ಕಪ್ಪಾಗಿಸುತ್ತದೆ. ಹತ್ತಿರದಲ್ಲಿ ತುಕ್ಕು ಹಿಡಿಯುವ ಕಬ್ಬಿಣದ ಮೊಳೆಯೋ ಬ್ರಾಕೆಟ್ಟೋ ಇದ್ದರೆ ಟ್ಯಾನಿನ್ ಅದರೊಡನೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ.

ಮೂರನೆಯದು ತೇವ ಒಣಗದಿರುವುದು. ಮರದ ತೇವಾಂಶ ಶೇ 20ಕ್ಕಿಂತ ಕಡಿಮೆ ಇರುವವರೆಗೆ ಅದನ್ನು ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲಾರವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ. ಬಟ್ಟೆಯನ್ನೂ ಮನೆಯೊಳಗೇ ಒಣಗಿಸಬೇಕಾಗುತ್ತದೆ. ಅಂಥ ಕಡೆ ಮಾರ್ಜಕದ ಪಸೆ ಇರುವ ಹಲಗೆಗೆ ಒಣಗಲು ಅವಕಾಶವೇ ದೊರೆಯದು. ಬೂಷ್ಟು ಮೊದಲು ಕಾಣಿಸಿಕೊಳ್ಳುವುದು ಡಬ್ಬಿಯಡಿಯ ಆ ಬಳೆಯಾಕಾರದ ಕಲೆಯಲ್ಲಿಯೇ.

ಎಲ್ಲ ಹಲಗೆಯೂ ಒಂದೇ ಅಲ್ಲ

'ಮರದ ಶೆಲ್ಫ್' ಎಂದು ನಾವು ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ವಸ್ತುಗಳಿವೆ. ಅವುಗಳ ತಾಳಿಕೆಯೂ ಬೇರೆ ಬೇರೆ.

ತೇಗದಂಥ ಗಟ್ಟಿ ಮರದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಅದು ತೇವವನ್ನು ಬಹುಮಟ್ಟಿಗೆ ತಡೆಯುತ್ತದೆ. ಕಲೆಯಾದರೂ ಹೆರೆದು ಸರಿಪಡಿಸಬಹುದು. ಸಿಲ್ವರ್ ಓಕ್, ರಬ್ಬರ್ ಮರದಂಥ ಅಗ್ಗದ ಮರಗಳಿಗೆ ಈ ರಕ್ಷಣೆ ಇಲ್ಲ.

ಪ್ಲೈವುಡ್‌ನಲ್ಲಿ ಅಂಟಿನ ಗುಣವೇ ನಿರ್ಣಾಯಕ. ಐಎಸ್ 303 ಎಂಬ ಭಾರತೀಯ ಮಾನಕ ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಸಂಬಂಧಿಸಿದ್ದು. ಐಎಸ್ 710 ಮರೈನ್ ಪ್ಲೈವುಡ್‌ಗೆ ಸಂಬಂಧಿಸಿದ್ದು. 'ಎಂಆರ್' ಎಂದು ಮುದ್ರಿತವಾದ ಹಲಗೆ ಗಾಳಿಯ ತೇವವನ್ನಷ್ಟೇ ತಡೆಯುತ್ತದೆ. ಪದೇ ಪದೇ ನೆನೆಯುವುದನ್ನು ತಡೆಯದು. ಅದರಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನೀರಿನಲ್ಲಿ ಕ್ರಮೇಣ ಸಡಿಲವಾಗುತ್ತದೆ. ಮರೈನ್ ಪ್ಲೈವುಡ್‌ನ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಕುದಿವ ನೀರನ್ನೂ ತಡೆದುಕೊಳ್ಳುತ್ತದೆ. ಆದರೆ ಅಂಟು ಉಳಿದರೂ ಮರದ ಪದರ ನೀರು ಹೀರುವುದು ತಪ್ಪದು. ಮರೈನ್ ಪ್ಲೈವುಡ್ ಎಂದಮಾತ್ರಕ್ಕೆ ಅಂಚನ್ನು ಹಾಗೆಯೇ ಬಿಡುವಂತಿಲ್ಲ.

ಅತ್ಯಂತ ದುರ್ಬಲವಾದವು ಪಾರ್ಟಿಕಲ್ ಬೋರ್ಡ್ ಮತ್ತು ಸಾಧಾರಣ ಎಂಡಿಎಫ್. ಸಿದ್ಧ ಕಪಾಟುಗಳಲ್ಲಿ ಹೆಚ್ಚಾಗಿ ಇವೇ ಇರುತ್ತವೆ. ಮರದ ಚೂರು ಅಥವಾ ನಾರನ್ನು ಅಂಟಿನೊಡನೆ ಬೆರೆಸಿ, ಶಾಖ ಕೊಟ್ಟು, ಬಲವಾಗಿ ಒತ್ತಿ ಇವನ್ನು ತಯಾರಿಸಲಾಗುತ್ತದೆ. ಒತ್ತಡದಲ್ಲಿ ಕುಗ್ಗಿದ ಚೂರುಗಳು ನೀರು ತಾಗಿದೊಡನೆ ಮೊದಲಿನ ಗಾತ್ರಕ್ಕೆ ಮರಳಲು ಉಬ್ಬುತ್ತವೆ. ಒಣಗಿದ ಮೇಲೂ ಆ ಉಬ್ಬು ಇಳಿಯುವುದಿಲ್ಲ. ಉಬ್ಬಿದ ಕಡೆ ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ. 5 ಲೀಟರ್ ಮಾರ್ಜಕದ ಕ್ಯಾನ್ ಎಂದರೆ 5 ಕಿಲೋಗ್ರಾಂಗೂ ಹೆಚ್ಚು ಭಾರ. ಅದು ತಲೆಯ ಮಟ್ಟದಲ್ಲಿ, ಸಡಿಲವಾದ ಸ್ಕ್ರೂಗಳ ಮೇಲೆ ನಿಂತಿದ್ದರೆ ಸಮಸ್ಯೆ ಅಂದಚೆಂದಕ್ಕೆ ಸೀಮಿತವಲ್ಲ ಎಂಬುದು ಸ್ಪಷ್ಟ.

ಯಾವ ಲೇಪ ನಿಲ್ಲುತ್ತದೆ, ಯಾವುದು ಕರಗುತ್ತದೆ?

ಬಡಗಿಗಳು 'ಸ್ಪಿರಿಟ್ ಪಾಲಿಶ್' ಎನ್ನುವುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ದ್ರಾವಣ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ನೀಡುವುದೂ ಅರಗೇ. ಪಡಸಾಲೆಯ ಕುರ್ಚಿಗೆ, ದೇವರ ಮಂಟಪಕ್ಕೆ ಇದು ಉತ್ತಮ. ಆದರೆ ಅರಗು ಕ್ಷಾರದಲ್ಲಿ ಕರಗುವ ವಸ್ತು. ಸೋಡಾ ಬೆರೆತ ಹನಿ ಬಿದ್ದಲ್ಲೆಲ್ಲ ಅದು ಬಿಳಿಚಿ, ಮೆತ್ತಗಾಗಿ, ಕೊನೆಗೆ ಎದ್ದುಹೋಗುತ್ತದೆ. ಒಗೆಯುವ ಜಾಗದಲ್ಲಿ ಈ ಪಾಲಿಶ್‌ಗೆ ಸ್ಥಾನವಿಲ್ಲ.

ಅಗಸೆ ಎಣ್ಣೆಯ ಕಥೆ ಇನ್ನೂ ಸ್ವಾರಸ್ಯಕರ. ಎಣ್ಣೆಗೆ ಕ್ಷಾರ ಸೇರಿಸಿದರೆ ಸಾಬೂನಾಗುತ್ತದೆ ಎಂಬುದು ಸಾಬೂನು ಕಾರ್ಖಾನೆಗಳ ಮೂಲಪಾಠ. ಹಲಗೆಗೆ ಹಚ್ಚಿ ಒಣಗಿಸಿದ ಎಣ್ಣೆಯ ಪದರದ ಮೇಲೆ ಕ್ಷಾರದ ಹನಿ ನಿಂತಾಗಲೂ ನಿಧಾನವಾಗಿ ಅದೇ ಕ್ರಿಯೆ ನಡೆಯುತ್ತದೆ. ಕಾಪಾಡಲೆಂದು ಹಚ್ಚಿದ ಎಣ್ಣೆಯೇ ಸಾಬೂನಾಗಿ ಒರಸುಬಟ್ಟೆಯೊಡನೆ ಹೊರಟುಹೋಗುತ್ತದೆ. ಎಣ್ಣೆಯ ಮೂಲದ ಸಾಧಾರಣ ಎನಾಮೆಲ್ ಪೇಂಟ್‌ಗೂ ಈ ದೌರ್ಬಲ್ಯ ಇದೆ. ಹೊಸ ಸಿಮೆಂಟ್ ಗೋಡೆಯ ಮೇಲೆ ಎಣ್ಣೆ ಪೇಂಟ್ ಸುಲಿದು ಬರುವುದಕ್ಕೂ ಸಿಮೆಂಟಿನ ಕ್ಷಾರವೇ ಒಂದು ಕಾರಣ.

ಹಾಗಾದರೆ ಆಯ್ಕೆ ಯಾವುದು? ಎರಡು ಡಬ್ಬಿಗಳಲ್ಲಿ ಬಂದು, ಬಳಸುವಾಗ ಬೆರೆಸಬೇಕಾದ ಪಾಲಿಯುರೆಥೇನ್ ಲೇಪ ಕ್ಷಾರಕ್ಕೂ ತೇವಕ್ಕೂ ಚೆನ್ನಾಗಿ ಪ್ರತಿರೋಧ ಒಡ್ಡುತ್ತದೆ. ಬಡಗಿಗಳು ಇದನ್ನು ಪಿಯು ಎನ್ನುತ್ತಾರೆ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪಗಳು ಮೇಲು. ಪ್ರತಿ ಲೇಪದ ನಡುವೆ ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಕು. ಮುಟ್ಟಿದರೆ ಮರುದಿನವೇ ಒಣಗಿದಂತೆ ತೋರಿದರೂ ಪೂರ್ಣ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ಡಬ್ಬಿಗಳನ್ನು ಇಡಬಾರದು. ಬಳಿಯುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಯುಟಿಲಿಟಿಯಲ್ಲಿಯೇ ಗ್ಯಾಸ್ ಸಿಲಿಂಡರ್ ಅಥವಾ ಗೀಸರ್ ಇರುವ ಮನೆಗಳಲ್ಲಿ ಹಲಗೆಯನ್ನು ಬಿಚ್ಚಿ ಹೊರಗೆ ಒಯ್ದು ಬಳಿಯುವುದು ಕ್ಷೇಮಕರ.

ಲ್ಯಾಮಿನೇಟ್ ಹಾಳೆ ಅಂಟಿಸಿದ ಹಲಗೆಯ ಮೇಲ್ಮೈಗೆ ಮಾರ್ಜಕದಿಂದ ಬಹಳ ಅಪಾಯವಿಲ್ಲ. ಅದರ ಮೆಲಮೈನ್ ಪದರ ಗಟ್ಟಿಯಾದುದು. ಸಮಸ್ಯೆ ಇರುವುದು ಹಾಳೆ ಮುಗಿದು ಹಲಗೆ ಆರಂಭವಾಗುವ ಗೆರೆಯಲ್ಲಿ.

ಅಂಚೇ ಆಪತ್ತಿನ ಬಾಗಿಲು

ಬದುಕಿರುವ ಮರ ಬೇರಿನಿಂದ ಎಲೆಗೆ ನೀರು ಸಾಗಿಸುವುದು ಕಾಂಡದುದ್ದಕ್ಕೂ ಇರುವ ಸೂಕ್ಷ್ಮ ನಾಳಗಳ ಮೂಲಕ. ಕೊಯ್ದು ಹಲಗೆ ಮಾಡಿದ ಮೇಲೂ ಆ ನಾಳಗಳು ಇರುತ್ತವೆ. ಹಲಗೆಯ ಅಡ್ಡ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಕಟ್ಟಿದ ಹುಲ್ಲಿನ ಕಂತೆಯ ತುದಿಯನ್ನು ನೀರಿಗೆ ತಾಗಿಸಿದಂತೆ, ಮೇಲ್ಮೈಗಿಂತ ಅನೇಕ ಪಟ್ಟು ವೇಗದಲ್ಲಿ ಈ ತುದಿ ದ್ರವವನ್ನು ಎಳೆದುಕೊಳ್ಳುತ್ತದೆ. ಮೇಲ್ಮೈಗೆ ಮೂರು ಬಾರಿ ಪಾಲಿಶ್ ಹೊಡೆಸಿ, ಗೋಡೆಗೆ ತಾಗುವ ತುದಿ ಕಾಣುವುದಿಲ್ಲವೆಂದು ಬಿಟ್ಟರೆ ಮಾಡಿದ ಖರ್ಚು ವ್ಯರ್ಥ.

ಆದ್ದರಿಂದ ಹಲಗೆಯನ್ನು ಗೋಡೆಗೆ ಕೂರಿಸುವ ಮೊದಲೇ ಆರೂ ಮುಖಗಳಿಗೆ ಲೇಪ ಆಗಿರಬೇಕು. ತುದಿಗಳು ಹೆಚ್ಚು ಹೀರುವುದರಿಂದ ಅಲ್ಲಿಗೆ ಒಂದು ಲೇಪ ಹೆಚ್ಚಾಗಿಯೇ ಬೇಕು. ಪ್ಲೈವುಡ್ ಆದರೆ ನಾಲ್ಕೂ ಕಡೆ 2 ಮಿಲಿಮೀಟರ್ ದಪ್ಪದ ಪಿವಿಸಿ ಪಟ್ಟಿ ಅಂಟಿಸುವುದು ಒಳ್ಳೆಯದು. ಸ್ಕ್ರೂ ತೂತು ಕೊರೆದ ಬಳಿಕ ಅದರೊಳಗೂ ಒಂದು ಹನಿ ಲೇಪ ಬಿಡಬೇಕು. ಸ್ಕ್ರೂ ಮತ್ತು ಬ್ರಾಕೆಟ್‌ಗಳು ಸ್ಟೇನ್‌ಲೆಸ್ ಸ್ಟೀಲ್‌ನದಾಗಿದ್ದರೆ ತುಕ್ಕಿನ ಕಲೆಯ ಭಯವಿಲ್ಲ. ಗೋಡೆ ಮತ್ತು ಹಲಗೆ ಸೇರುವ ಸಂದನ್ನು ಸಿಲಿಕೋನ್‌ನಿಂದ ಮುಚ್ಚಬೇಕು. ಹಲಗೆ ಹಿಂದಕ್ಕೆ ವಾಲಿದ್ದರೆ ಚೆಲ್ಲಿದ್ದೆಲ್ಲ ಆ ಸಂದಿಗೇ ಹರಿಯುವುದರಿಂದ, ಕೂರಿಸುವಾಗ ರಸಮಟ್ಟ ಇಟ್ಟು ನೋಡುವುದು ಅಗತ್ಯ.

ಇನ್ನೊಂದು ಉಪಾಯವನ್ನು ಗಾರೆಯವರಿಂದ ಕಲಿಯಬಹುದು. ಕಿಟಕಿಯ ಸಜ್ಜಾದ ಕೆಳಮೈಯಲ್ಲಿ, ಮುಂಚಾಚಿಗೆ ಸ್ವಲ್ಪ ಹಿಂದೆ, ಉದ್ದಕ್ಕೂ ಒಂದು ಗೆರೆ ಕೊರೆದಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಮಳೆನೀರು ಸಜ್ಜಾದ ಅಡಿಯಲ್ಲಿ ಗೋಡೆಯತ್ತ ಹರಿಯದೆ ಅಲ್ಲಿಯೇ ತುಂಡಾಗಿ ಕೆಳಗೆ ಬೀಳಲಿ ಎಂಬುದು ಉದ್ದೇಶ. ಮರದ ಹಲಗೆಯ ಕೆಳಗೂ ಇಂಥ ಗೆರೆ ಕೊರೆಸಿ, ಲೇಪ ಹಚ್ಚಿಸಿದರೆ, ಅಂಚಿನಿಂದ ಇಳಿದ ಹನಿ ಕೆಳಮೈಗೆ ಹಬ್ಬುವುದು ಬಹುಮಟ್ಟಿಗೆ ತಪ್ಪುತ್ತದೆ.

ಈಗಾಗಲೇ ಇರುವ ಹಲಗೆಯ ಸ್ಥಿತಿ ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಅಂಚಿನ ಮೇಲೆ ಬೆರಳಿನಿಂದ ಎರಡು ಹನಿ ಶುದ್ಧ ನೀರು ಇಟ್ಟು ಐದು ನಿಮಿಷ ಕಾಯಿರಿ. ಹನಿ ಹಾಗೆಯೇ ನಿಂತಿದ್ದರೆ ಲೇಪ ಗಟ್ಟಿಯಾಗಿದೆ. ಆ ಜಾಗ ಕಪ್ಪಾಗಿ ನೀರು ಇಂಗಿದ್ದರೆ ಹೊಸ ಲೇಪಕ್ಕೆ ಕಾಲ ಬಂದಿದೆ ಎಂದರ್ಥ.

ತಟ್ಟೆ ಸಾಕು, ಪತ್ರಿಕೆ ಬೇಡ

ಎಷ್ಟೇ ಉತ್ತಮ ಲೇಪವಾದರೂ ಹನಿ ಬೀಳದಿರುವುದಕ್ಕೆ ಸಮನಲ್ಲ. ಅತ್ಯಂತ ಅಗ್ಗದ ರಕ್ಷಣೆ ಎಂದರೆ ಅಂಚು ಎತ್ತರಿಸಿದ ಒಂದು ಸ್ಟೀಲ್ ಅಥವಾ ಪ್ಲಾಸ್ಟಿಕ್ ತಟ್ಟೆ. 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ಅಂಚಿರುವ ತಟ್ಟೆ 2.4 ಲೀಟರ್ ಹಿಡಿಯುತ್ತದೆ. ಒಂದು ಲೀಟರಿನ ಪೊಟ್ಟಣ ಪೂರ್ತಿ ಸೋರಿದರೂ ಹಲಗೆಗೆ ತಾಗದು. ಬಾಡಿಗೆ ಮನೆಯಲ್ಲಿರುವವರಿಗೆ, ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ ಎಂಬ ಕರಾರು ಇರುವವರಿಗೆ, ಇದೇ ಸೂಕ್ತ ಮಾರ್ಗ.

ಹಳೆಯ ಪತ್ರಿಕೆ ಅಥವಾ ಕ್ಯಾಲೆಂಡರ್ ಹಾಳೆ ಹಾಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಪಾತ್ರೆಯ ಗೂಡಿಗೆ ಅದು ಸರಿ, ಮಾರ್ಜಕದ ಹಲಗೆಗೆ ಸರಿಯಲ್ಲ. ಕಾಗದ ಹನಿಯನ್ನು ಹೀರಿ, ಒದ್ದೆ ಪಟ್ಟಿಯಂತೆ ಮರಕ್ಕೆ ಒತ್ತಿ ಹಿಡಿಯುತ್ತದೆ. ರೆಕ್ಸಿನ್ ಅಥವಾ ಪ್ಲಾಸ್ಟಿಕ್ ಹಾಳೆಯ ಕೆಳಗೆ ದ್ರವ ನುಸುಳಿದರೆ ಅದು ಆವಿಯಾಗುವ ದಾರಿಯೇ ಇಲ್ಲ. ಹಾಳೆ ಹಾಸಲೇಬೇಕೆಂದರೆ ವಾರಕ್ಕೊಮ್ಮೆ ಎತ್ತಿ ಒರೆಸಿ ಒಣಗಿಸಬೇಕು.

ಹನಿ ಹುಟ್ಟುವ ಜಾಗವನ್ನೂ ಗುರುತಿಸಬೇಕು. ಮುಚ್ಚಳದಲ್ಲಿ ಅಳೆದು ಯಂತ್ರಕ್ಕೆ ಸುರಿದು, ಅದೇ ಒದ್ದೆ ಮುಚ್ಚಳವನ್ನು ಡಬ್ಬಿಗೆ ತಿರುಗಿಸುತ್ತೇವೆ. ಅದರಲ್ಲಿ ಉಳಿದದ್ದು ಡಬ್ಬಿಯ ಹೊರಮೈಯಿಂದ ಇಳಿದು ಹಲಗೆ ಸೇರುತ್ತದೆ. ಮುಚ್ಚಳವನ್ನು ನೀರಿನಲ್ಲಿ ತೊಳೆದು ಒರೆಸಿ ಮುಚ್ಚುವುದರಿಂದಲೇ ಅರ್ಧ ಸಮಸ್ಯೆ ನಿವಾರಣೆಯಾಗುತ್ತದೆ. ಮರುಪೂರಣದ ಪೊಟ್ಟಣದಿಂದ ಡಬ್ಬಿಗೆ ತುಂಬುವ ಕೆಲಸ ಹಲಗೆಯ ಮೇಲಲ್ಲ, ಸಿಂಕಿನಲ್ಲಿ ನಡೆಯಲಿ. ಕುಡಿಯುವ ನೀರಿನ ಅಥವಾ ತಂಪುಪಾನೀಯದ ಖಾಲಿ ಬಾಟಲಿಗಳಿಗೆ ಮಾರ್ಜಕ ತುಂಬುವುದು ಸರ್ವಥಾ ಬೇಡ. ಬಣ್ಣದ ದ್ರವವನ್ನು ಮಕ್ಕಳು ಪಾನೀಯವೆಂದು ಭ್ರಮಿಸುವ ಅಪಾಯವಿದೆ.

ಹನಿ ಬಿದ್ದಾಗ ಏನು ಮಾಡಬೇಕು?

ಪುಡಿ ಚೆಲ್ಲಿದರೆ ಒದ್ದೆ ಬಟ್ಟೆ ಮುಟ್ಟಿಸಬಾರದು. ನೀರು ತಾಗಿದೊಡನೆ ಪುಡಿ ಗಾಢ ಕ್ಷಾರದ ದ್ರಾವಣವಾಗುತ್ತದೆ. ಮೊದಲು ಒಣ ಬ್ರಷ್‌ನಿಂದ ಗುಡಿಸಿ ತೆಗೆದು, ಅನಂತರ ಒರೆಸಬೇಕು. ದ್ರವ ಚೆಲ್ಲಿದರೆ ಒಣ ಬಟ್ಟೆಯಿಂದ ಹೀರಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಬಾರಿ ಒರೆಸಿ, ಕೊನೆಗೆ ಮತ್ತೊಂದು ಒಣ ಬಟ್ಟೆಯಿಂದ ಪಸೆ ತೆಗೆಯಬೇಕು. ಒಮ್ಮೆ ಒರೆಸಿದರೆ ಮಾರ್ಜಕ ತೆಳುವಾಗಿ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಕಲೆ ತೆಗೆಯಲೆಂದು ಬ್ಲೀಚ್ ಬಳಸುವುದು ತಪ್ಪು. ಅದರ ಸೋಡಿಯಂ ಹೈಪೊಕ್ಲೋರೈಟ್ ಮರದ ಲಿಗ್ನಿನ್ ಅನ್ನೇ ತಿನ್ನುತ್ತದೆ. ಕ್ಷಾರವನ್ನು ತಟಸ್ಥಗೊಳಿಸಲು ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ಒರೆಸಬಹುದು. ಆದರೆ ಬ್ಲೀಚ್ ಬಿದ್ದ ಜಾಗಕ್ಕೆ ವಿನೆಗರ್ ತಾಗಿಸಬಾರದು. ಎರಡೂ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಕಿರಿದಾದ ಯುಟಿಲಿಟಿಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು.

ಕಪ್ಪಾದ ಗಟ್ಟಿ ಮರವನ್ನು ಉಳಿಸಿಕೊಳ್ಳಲು ಸಾಧ್ಯ. ಹಲಗೆಯನ್ನು ಬಿಚ್ಚಿ, ನೆರಳಿನಲ್ಲಿ ಗಾಳಿಯಾಡುವ ಕಡೆ ವಾರ ಹತ್ತು ದಿನ ಒಣಗಿಸಿ, 120 ಸಂಖ್ಯೆಯ ಸ್ಯಾಂಡ್ ಪೇಪರ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿ, 220ರಿಂದ ನಯಗೊಳಿಸಿ, ಲೇಪ ಹಚ್ಚಬೇಕು. ಒದ್ದೆ ಮರದ ಮೇಲೆ ಬಳಿದ ಲೇಪ ತೇವವನ್ನು ಒಳಗೇ ಕಟ್ಟಿಹಾಕುವುದರಿಂದ ಅವಸರ ಸಲ್ಲದು. ಪದರ ಬಿಟ್ಟ ಪ್ಲೈವುಡ್ ಮತ್ತು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮಾತ್ರ ದುರಸ್ತಿಗೆ ಬಾರವು. ಅವನ್ನು ಬದಲಾಯಿಸುವುದೇ ಲೇಸು. ಹಾಗೆ ಬದಲಾಯಿಸುವಾಗ ಕಡಪ ಕಲ್ಲಿನತ್ತ ಮರಳಿದರೂ ತಪ್ಪಿಲ್ಲ.

ಬಡಗಿಗೆ ಹೇಳಬೇಕಾದ ಮಾತು

ಹೊಸದಾಗಿ ಮರಗೆಲಸ ಮಾಡಿಸುವವರು ಕೆಲವು ವಿಷಯಗಳನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ಯುಟಿಲಿಟಿಯ ಹಲಗೆಗೆ ಉಳಿದ ತುಂಡು ಬಳಸಕೂಡದು. ಐಎಸ್ 710 ಗುರುತು ಇರುವ 18 ಅಥವಾ 19 ಮಿಲಿಮೀಟರ್ ದಪ್ಪದ ಪ್ಲೈವುಡ್ ಇರಲಿ. ಗೋಡೆಗೆ ಕೂರಿಸುವ ಮೊದಲು ಆರೂ ಮುಖಗಳನ್ನು ಕಣ್ಣಾರೆ ನೋಡಲು ಅವಕಾಶ ಕೊಡಬೇಕು. ಆಧಾರದ ಬ್ರಾಕೆಟ್‌ಗಳ ನಡುವಿನ ಅಂತರ 60 ಸೆಂಟಿಮೀಟರ್ ಮೀರಬಾರದು. ಆ ಅಂತರ ಇಮ್ಮಡಿಯಾದರೆ, ಉದ್ದಕ್ಕೂ ಒಂದೇ ಸಮನಾಗಿ ಭಾರ ಹೇರಿದ ಹಲಗೆಯ ಬಾಗು 16 ಪಟ್ಟು ಹೆಚ್ಚುತ್ತದೆ. ಬಾಗಿದ ಹಲಗೆಯ ನಡುವೆ ಹನಿಗಳು ಕೊಳದಂತೆ ನಿಲ್ಲುತ್ತವೆ. ಹಲಗೆಯ ನೇರ ಕೆಳಗೆ ವಿದ್ಯುತ್ ಪ್ಲಗ್ ಬಾರದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಹನಿ ಮರವನ್ನು ಕೆಡಿಸಿದರೆ ನಷ್ಟ ಹಣದ್ದು. ಅದೇ ಹನಿ ಗೋಡೆಗುಂಟ ಇಳಿದು ಪ್ಲಗ್ ಸೇರಿದರೆ ಅಪಾಯ ಜೀವಕ್ಕೆ.

ಇಷ್ಟು ಮುಂಜಾಗ್ರತೆ ವಹಿಸಿದ ಮೇಲೆ ಉಳಿಯುವ ಕೆಲಸ ಅತ್ಯಲ್ಪ. ತಿಂಗಳಿಗೊಮ್ಮೆ ಡಬ್ಬಿಗಳನ್ನೆಲ್ಲ ಇಳಿಸಿ, ತಟ್ಟೆಯನ್ನು ತೊಳೆದು, ಹಲಗೆಯ ಕೆಳಮೈಯನ್ನು ಅಂಗೈಯಿಂದ ಸವರಿ ನೋಡುವುದು. ಕೈಗೆ ತೇವ ಅಥವಾ ಉಬ್ಬು ತಾಗದಿದ್ದರೆ ಹಲಗೆ ಸುರಕ್ಷಿತವಾಗಿದೆ.